ಒಂದೇ ಬೀಗ, ಹಲವು ಬೀಗದ ಕೈ: ದೇಹದಲ್ಲಿ ನಿಕೋಟಿನಿಕ್ ಗ್ರಾಹಕಗಳ ಪಾತ್ರ

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಟೀ ಅಂಗಡಿಗಳ ಮುಂದೆ ಬೀಡಿ, ಸಿಗರೇಟಿನ ಹೊಗೆ ಏಳುತ್ತದೆ. ಒಳಗೆ ಎಳೆದ ಹೊಗೆಯಲ್ಲಿನ ನಿಕೋಟಿನ್ ಸುಮಾರು 10ರಿಂದ 20 ಸೆಕೆಂಡುಗಳಲ್ಲಿ ಮಿದುಳನ್ನು ತಲುಪುತ್ತದೆ. ಅಲ್ಲಿ ಅದು ಹೋಗಿ ಕೂರುವ ಜಾಗ ತಂಬಾಕಿಗಾಗಿ ಹುಟ್ಟಿದ್ದಲ್ಲ. ದೇಹವು ತನ್ನದೇ ಕೆಲಸಕ್ಕೆ ಇಟ್ಟುಕೊಂಡಿರುವ ಗ್ರಾಹಕವದು.

ಈ ಬೀಗಕ್ಕೆ ಸಹಜವಾದ ಬೀಗದ ಕೈ ಎಂದರೆ ನರದ ತುದಿಯಿಂದ ಹೊರಬೀಳುವ ಅಸಿಟೈಲ್‌ಕೋಲಿನ್ ಎಂಬ ನರವಾಹಕ. ಐದು ಪ್ರೋಟೀನು ಘಟಕಗಳು ವೃತ್ತಾಕಾರವಾಗಿ ಸೇರಿ ಗ್ರಾಹಕವಾಗಿದ್ದು, ನಡುವೆ ಕಿಂಡಿಯೊಂದಿರುತ್ತದೆ. ಅಸಿಟೈಲ್‌ಕೋಲಿನ್ ಅಂಟಿಕೊಂಡೊಡನೆ ಕಿಂಡಿ ತೆರೆದು ಸೋಡಿಯಂ ಒಳನುಗ್ಗುತ್ತದೆ, ಸ್ನಾಯು ಸಂಕುಚಿಸುತ್ತದೆ. ಬಳಿಕ ಕಿಣ್ವವೊಂದು ಅಸಿಟೈಲ್‌ಕೋಲಿನನ್ನು ಕ್ಷಣಾರ್ಧದಲ್ಲಿ ಒಡೆದುಹಾಕುತ್ತದೆ. ಬ್ರಿಟನ್ನಿನ ಜಾನ್ ಲ್ಯಾಂಗ್ಲಿ 1905ರಲ್ಲಿ ಕೋಳಿಯ ಸ್ನಾಯುವಿನ ಮೇಲೆ ನಿಕೋಟಿನ್ ಪ್ರಯೋಗಿಸಿ, ಜೀವಕೋಶದಲ್ಲಿ ಇಂಥದೊಂದು ಗ್ರಹಿಸುವ ವಸ್ತು ಇರಲೇಬೇಕೆಂದು ಪ್ರತಿಪಾದಿಸಿದರು. ಗ್ರಾಹಕದ ಹೆಸರಿನಲ್ಲಿ ನಿಕೋಟಿನ್ ಸೇರಿಕೊಂಡದ್ದು ಇಂಥ ಪ್ರಯೋಗಗಳಿಂದ.

ಎರಡು ಪಾಳಿ ದುಡಿದವನ ರೆಪ್ಪೆ ಸಂಜೆಗೆ ಜೋತುಬಿದ್ದರೆ ಯಾರೂ ಅಚ್ಚರಿಪಡುವುದಿಲ್ಲ. ಆದರೆ ಬೆಳಿಗ್ಗೆ ಸರಿಯಿದ್ದು ದಿನ ಕಳೆದಂತೆ ರೆಪ್ಪೆ ಇಳಿಯುವುದು, ವಸ್ತುಗಳು ಎರಡೆರಡಾಗಿ ಕಾಣುವುದು, ಊಟ ಅಗಿಯುವಾಗ ದವಡೆ ಸೋಲುವುದು 'ಮಯಸ್ತೇನಿಯಾ ಗ್ರೇವಿಸ್' ರೋಗದ ಲಕ್ಷಣಗಳಾಗಿರಬಹುದು. ದೇಹದ ರೋಗನಿರೋಧಕ ವ್ಯವಸ್ಥೆಯೇ ಸ್ನಾಯುವಿನ ನಿಕೋಟಿನಿಕ್ ಗ್ರಾಹಕಗಳ ಮೇಲೆ ತಿರುಗಿಬೀಳುವ ಕಾಯಿಲೆ ಇದು. ದೇಹದಾದ್ಯಂತ ಹರಡಿದ ರೋಗವಿರುವವರಲ್ಲಿ ಶೇ 85ರಷ್ಟು ಮಂದಿಯ ರಕ್ತದಲ್ಲಿ ಈ ಗ್ರಾಹಕಗಳ ವಿರುದ್ಧದ ಪ್ರತಿಕಾಯಗಳು ಪತ್ತೆಯಾಗುತ್ತವೆ. ಪಿರಿಡೋಸ್ಟಿಗ್ಮಿನ್ ಮಾತ್ರೆ ಆ ಕಿಣ್ವವನ್ನು ತಡೆದು, ಉಳಿದ ಗ್ರಾಹಕಗಳಿಗೆ ಹೆಚ್ಚು ಅಸಿಟೈಲ್‌ಕೋಲಿನ್ ದೊರಕಿಸುತ್ತದೆ. ಉಸಿರಾಟದ ಸ್ನಾಯುಗಳು ಸೋಲುವ ಮುನ್ನ ಚಿಕಿತ್ಸೆ ದೊರೆತರೆ ಬಹುತೇಕರು ಕೆಲಸಕ್ಕೆ ಮರಳಬಲ್ಲರು. ದಣಿವೆಂದು ತಳ್ಳಿಹಾಕದೆ ನರರೋಗ ತಜ್ಞರನ್ನು ಕಾಣುವುದು ಅದಕ್ಕಾಗಿಯೇ.

ರೆಪ್ಪೆ ಜೋತುಬೀಳಲು ಇನ್ನೊಂದು, ಹೆಚ್ಚು ತುರ್ತಿನ ಕಾರಣವೂ ಉಂಟು. ಕಟ್ಟುಹಾವು ಅಥವಾ ಕಡಂಬಳ ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ. ನೋವು, ಬಾವು ಇಲ್ಲವೆನ್ನುವಷ್ಟು ಕಡಿಮೆ. ಬೆಳಿಗ್ಗೆ ಕಣ್ಣು ತೆರೆಯಲಾಗದಿದ್ದಾಗಲೇ ಮನೆಯವರಿಗೆ ಅನುಮಾನ ಬರುವುದು. ನಾಗರಹಾವಿನ ವಿಷ ಮುಖ್ಯವಾಗಿ ಗ್ರಾಹಕವನ್ನೇ ಮುಚ್ಚುತ್ತದೆ. ಕಟ್ಟುಹಾವಿನ ವಿಷವಾದರೋ ನರದ ತುದಿಯನ್ನೂ ಕೆಡಿಸುತ್ತದೆ. ಆದ್ದರಿಂದ ನಿಯೋಸ್ಟಿಗ್ಮಿನ್ ಚುಚ್ಚುಮದ್ದು ಮೊದಲನೆಯದಕ್ಕೆ ನೆರವಾಗುವಷ್ಟು ಎರಡನೆಯದಕ್ಕೆ ಆಗದು. ಪ್ರತಿವಿಷ ಮತ್ತು ಅಗತ್ಯಬಿದ್ದರೆ ಕೃತಕ ಉಸಿರಾಟವೇ ಆಸರೆ. ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ವಿಚಿತ್ರವೆಂದರೆ, ಮಯಸ್ತೇನಿಯಾ ರೋಗಿಗಳಲ್ಲಿ ಗ್ರಾಹಕಗಳು ಕಡಿಮೆಯಿವೆ ಎಂದು ಎಣಿಸಿ ತೋರಿಸಲು ವಿಜ್ಞಾನಿಗಳಿಗೆ ನೆರವಾದದ್ದೂ ತೈವಾನಿನಲ್ಲಿ ಕಟ್ಟುಹಾವಿನ ಪ್ರಭೇದವೊಂದರಿಂದ 1963ರಲ್ಲಿ ಬೇರ್ಪಡಿಸಿದ ವಿಷವೇ.

ಕೀಟಗಳ ನರಮಂಡಲದಲ್ಲಿಯೂ ಈ ಗ್ರಾಹಕಗಳಿವೆ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕಗಳು ಅವನ್ನೇ ಗುರಿಯಾಗಿಸಿಕೊಂಡಿವೆ. ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯಿರುವ ರಾಮನಗರದ ಸುತ್ತಮುತ್ತ ಇದು ಸಣ್ಣ ಸಂಗತಿಯಲ್ಲ. ಪಕ್ಕದ ತೋಟಕ್ಕೆ ಸಿಂಪಡಿಸಿದ ಔಷಧ ಹಿಪ್ಪುನೇರಳೆ ಸೊಪ್ಪಿಗೆ ತಗುಲಿದರೆ ರೇಷ್ಮೆಹುಳುಗಳಿಗೆ ಅಲ್ಪ ಪ್ರಮಾಣವೂ ಮಾರಕ.

ಮತ್ತೆ ಟೀ ಅಂಗಡಿಗೆ ಬರೋಣ. ಮಿದುಳಿನ ಗ್ರಾಹಕಗಳಿಗೆ ನಿಕೋಟಿನ್ ಅಂಟಿಕೊಂಡಾಗ ಡೋಪಮೈನ್ ಬಿಡುಗಡೆಯಾಗಿ ಹಿತವೆನಿಸುತ್ತದೆ. ದಿನವೂ ಸೇದುವವರಲ್ಲಿ ಗ್ರಾಹಕಗಳು ಜಡವಾಗುತ್ತವೆ, ಅದರ ಜೊತೆಗೆ ಸಂಖ್ಯೆಯಲ್ಲಿ ಹೆಚ್ಚುತ್ತವೆ. ರಾತ್ರಿಯಿಡೀ ನಿಕೋಟಿನ್ ಸಿಗದೆ ಎಚ್ಚೆತ್ತ ಈ ಗ್ರಾಹಕಗಳೇ ಬೆಳಗಿನ ಮೊದಲ ಸಿಗರೇಟಿಗೆ ಪೀಡಿಸುವುದು. ಬಿಟ್ಟವನಿಗೆ ಮೊದಲ ವಾರ ಅತ್ಯಂತ ಕಠಿಣ. ಮೂರು ನಾಲ್ಕು ವಾರಗಳಲ್ಲಿ ಸಿಡುಕು, ಚಡಪಡಿಕೆ ಬಹುಮಟ್ಟಿಗೆ ಇಳಿಯುತ್ತವೆ. ಇದನ್ನು ಮನೋಬಲದ ಕೊರತೆಯೆಂದು ಹೀಗಳೆಯುವವರಿಗೆ ಶರೀರವಿಜ್ಞಾನದ ಸಮ್ಮತಿಯಿಲ್ಲ. ವ್ಯಾರೆನಿಕ್ಲಿನ್ ಮಾತ್ರೆ ಅದೇ ಗ್ರಾಹಕವನ್ನು ಅರ್ಧದಷ್ಟೇ ಪ್ರಚೋದಿಸಿ, ನಿಕೋಟಿನ್‌ಗೆ ಜಾಗವಿಲ್ಲದಂತೆ ಮಾಡುತ್ತದೆ. ಅದನ್ನು ವೈದ್ಯರ ಸಲಹೆಯಂತೆಯೇ ತೆಗೆದುಕೊಳ್ಳಬೇಕು. ತಂಬಾಕು ಬಿಡಬಯಸುವವರಿಗೆ ರಾಷ್ಟ್ರೀಯ ಸಹಾಯವಾಣಿ 1800-11-2356ರಲ್ಲಿ ಉಚಿತ ಸಲಹೆ ದೊರೆಯುತ್ತದೆ. ದಕ್ಷಿಣದ ರಾಜ್ಯಗಳಿಗಾಗಿ ಇದರ ಕೇಂದ್ರವೊಂದು 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆರಂಭವಾಯಿತು.