ಸೂಪಾ ಸೀಮೆಯಲ್ಲಿ ಸರಕಾರಿ ಆರೋಗ್ಯವಿಮೆ: ವೈದ್ಯನ ಕರಾರು ಮತ್ತು ರೋಗಿಯ ವೆಚ್ಚ

ಸರಕಾರಿ ಆರೋಗ್ಯವಿಮೆಯ ಇತಿಹಾಸವನ್ನು ವಂತಿಗೆಯ ಲೆಕ್ಕದಿಂದ ಆರಂಭಿಸುವುದು ವಾಡಿಕೆ. ಆದರೆ ರೋಗಿಯ ಕೈಬಿಟ್ಟುಹೋಗುವ ಹಣವನ್ನು ನಿರ್ಣಯಿಸುವುದು ವಂತಿಗೆಗಿಂತ ಹೆಚ್ಚಾಗಿ, ವೈದ್ಯನು ಯೋಜನೆಗೆ ಯಾವ ಕರಾರಿನ ಮೇಲೆ ಸೇರಿದ್ದಾನೆಂಬುದೇ ಎಂದು ನಮಗೆ ತೋರುತ್ತದೆ. ಸೂಪಾ, ಹಳಿಯಾಳ ಸೀಮೆಗಳು ಇದಕ್ಕೆ ಒಳ್ಳೆಯ ಉದಾಹರಣೆಗಳಾಗಿವೆ.

1948ರ ಕಾರ್ಮಿಕರ ರಾಜ್ಯವಿಮಾ ಕಾಯಿದೆಯ ಯೋಜನೆಯು 1952ರ ಫೆಬ್ರುವರಿ 24ರಂದು ಕಾನಪುರ, ದಿಲ್ಲಿಗಳಲ್ಲಿ ಮೊದಲಾಯಿತು. ವೈದ್ಯರನ್ನು ಸೇರಿಸಿಕೊಳ್ಳಲು ಎರಡು ದಾರಿಗಳಿದ್ದವು. ಮುಂಬಯಿಯಲ್ಲಿ ಖಾಸಗಿ ವೈದ್ಯರನ್ನು ಪಟ್ಟಿಗೆ ಸೇರಿಸಿ, ಅವರಲ್ಲಿ ಹೆಸರು ನೋಂದಿಸಿದ ಕಾರ್ಮಿಕರ ತಲೆಯೆಣಿಕೆಯಂತೆ ಹಣ ಕೊಡುತ್ತಿದ್ದರು. ಇದು 1911ರ ಬ್ರಿಟಿಷ್ ಕಾಯಿದೆಯ ಮಾದರಿ. ಇನ್ನೊಂದು ಸಂಬಳದ ವೈದ್ಯರ ದವಾಖಾನೆ. ದಾಂಡೇಲಿಯು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದಿತಾದರೂ, ಅದರ ಪಾಲಿಗೆ ಬಂದುದು ಎರಡನೆಯ ದಾರಿಯೇ. 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದದ ಗಿರಣಿಯಿಂದ ಬೆಳೆದ ಆ ಊರಿನಲ್ಲಿ ಇ.ಎಸ್.ಐ. ಆಸ್ಪತ್ರೆಯು ನೆಲೆಗೊಂಡಿತು. ಸಂಬಳದ ವೈದ್ಯನು ರೋಗಿಗೆ ಬೇರೆ ಬಿಲ್ಲು ಕೊಡುವ ಪ್ರಸಂಗವೇ ಅಲ್ಲಿಲ್ಲ. ಇದಕ್ಕಿಂತ ಮುಖ್ಯವಾದುದೆಂದರೆ, ಕಾಯಿಲೆಯಿಂದ ಮಲಗಿದ ವಿಮಾದಾರನಿಗೆ ವರ್ಷಕ್ಕೆ 91 ದಿನಗಳವರೆಗೆ ಪಗಾರದ ನೂರಕ್ಕೆ 70ರಷ್ಟು ಭತ್ಯವೂ ದೊರೆಯುತ್ತದೆ.

ಆದರೆ ಇದು ಪಗಾರದವರ ವಿಮೆ. ಕಾಳೀ ಕಣಿವೆಯ ಕುಣಬಿ, ಗೌಳಿ ಜನರಿಗೆ ಇದರಲ್ಲಿ ಸ್ಥಾನವಿರಲಿಲ್ಲ. ಹೊರಗುಳಿದ ಇಂಥವರಿಗೆ ರಾಜ್ಯದಲ್ಲಿ ಮೊದಲು ಬಂದುದು 2003ರ ಯಶಸ್ವಿನಿ. ಅದೂ ಸಹಕಾರಿ ಸಂಘದ ಸದಸ್ಯರಿಗೆ, ಆರಂಭದಲ್ಲಿ ವರ್ಷಕ್ಕೆ 60 ರೂಪಾಯಿ ವಂತಿಗೆಯಿಂದ. ಒಪ್ಪಂದಕ್ಕೊಳಪಟ್ಟ ಆಸ್ಪತ್ರೆಯು ಶಸ್ತ್ರಚಿಕಿತ್ಸೆಗೆ ಮೊದಲೇ ಗೊತ್ತುಮಾಡಿದ ದರವನ್ನು ಒಪ್ಪಬೇಕು. ಈ ಕಟ್ಟುಪಾಡು ಸಣ್ಣದಲ್ಲ. ಅಮೆರಿಕೆಯ 1965ರ ಮೆಡಿಕೇರ್ ಯೋಜನೆಯಲ್ಲಿ ವೈದ್ಯನು ಒಪ್ಪಿತ ದರಕ್ಕೆ ಮೀರಿ ರೋಗಿಯಿಂದ ವಸೂಲು ಮಾಡಬಹುದಾಗಿದ್ದು, ಅದಕ್ಕೆ ಬಿಗಿಯಾದ ಮಿತಿಯನ್ನು ಹಾಕಲು 1989ರ ಶಾಸನವೇ ಬೇಕಾಯಿತು.

2018ರ ಆರೋಗ್ಯ ಕರ್ನಾಟಕವು ಆಯುಷ್ಮಾನ್ ಭಾರತದೊಡನೆ ಕೂಡಿದ ಮೇಲೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಉಚಿತವಾಯಿತು. ಇತರರಿಗೆ ಗೊತ್ತಾದ ದರದ ನೂರಕ್ಕೆ 30 ಭಾಗವನ್ನು ಸರಕಾರ ಕೊಡುತ್ತದೆ. ಆದರೆ ತುರ್ತು ಸಂದರ್ಭಗಳನ್ನು ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆದುದರಿಂದ ಯೋಜನೆಯ ಮೊದಲ ಪಾಲುದಾರನು ಪಟ್ಟಣದ ಶಸ್ತ್ರವೈದ್ಯನಲ್ಲ, ತಾಲೂಕಿನ ಸರಕಾರಿ ವೈದ್ಯನು. ಅವನ ಕುರ್ಚಿ ಬರಿದಾಗಿದ್ದ ದಿನ ರೋಗಿಯು ಪತ್ರವಿಲ್ಲದೆ ಹೋಗಿ ಪೂರ್ತಿ ಹಣ ತೆರಬೇಕು, ಇಲ್ಲವೆ ಇನ್ನೊಂದು ದಿನದ ಕೂಲಿಯನ್ನು ಕಳೆದುಕೊಳ್ಳಬೇಕು. ಈ ಕಳೆದ ಕೂಲಿಯನ್ನು ಯಾವ ದರಪಟ್ಟಿಯೂ ಎಣಿಸುವುದಿಲ್ಲ. ಗಿರಣಿಯ ಕಾರ್ಮಿಕನಿಗೆ ಭತ್ಯವಿದ್ದರೆ, ಕಾಡಂಚಿನ ರೈತನಿಗೆ ಅದಿಲ್ಲ.

ಹಳೆಯ ಸೂಪಾ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿ, ತಾಲೂಕಿನ ಕಚೇರಿಗಳು ಜೋಯಿಡಾದಲ್ಲಿ ನಿಂತಿವೆ. ದೊಡ್ಡ ಚಿಕಿತ್ಸೆಗೆ ಇಲ್ಲಿಯವರು ಹುಬ್ಬಳ್ಳಿಗೋ ಬೆಳಗಾವಿಗೋ, ಗಡಿ ದಾಟಿ ಗೋವೆಯ ಬಾಂಬೋಳಿಗೋ ಹೋಗುತ್ತಾರೆ. ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯಾದ್ಯಂತ ಎದ್ದ ಕೂಗಿನ ಹಿಂದೆ ಈ ದಾರಿಖರ್ಚಿನ ಲೆಕ್ಕವೂ ಇತ್ತು.