ಬಿಯರ್ ತೊಟ್ಟಿಯಿಂದ ಸೋಡಾ, ಸೋಡಾ ಪೀಪಾಯಿಯಿಂದ ಬಿಯರ್

ಗದಗ ಸೀಮೆಯ ಕೋಟುಮಚಗಿಯಂಥ ಊರಿನ ಜಾತ್ರೆಯಲ್ಲಿ ಹೆಬ್ಬೆರಳು ಒತ್ತಿ ತೆರೆಯುವ ಗೋಲಿ ಸೋಡಾಕ್ಕೂ ಅಮೆರಿಕದ ಮನೆಗಳಲ್ಲಿ ಸ್ಟೀಲ್ ಪೀಪಾಯಿಯಿಂದ ಇಳಿಸುವ ಬಿಯರಿಗೂ ಬೇರು ಒಂದೇ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜೋಸೆಫ್ ಪ್ರೀಸ್ಟ್ಲಿ ನೆರೆಯ ಬಿಯರ್ ಭಟ್ಟಿಗೆ ಹೋಗಿ, ಹುದುಗುತ್ತಿದ್ದ ತೊಟ್ಟಿಯ ಮೇಲೆ ನೀರು ಇಟ್ಟು ನೋಡಿದರು. ತೊಟ್ಟಿಯಿಂದೇಳುವ ಗ್ಯಾಸ್, ಅಂದರೆ ಇಂಗಾಲದ ಡೈಆಕ್ಸೈಡ್, ನೀರಿಗಿಳಿದು ಚುರುಕು ರುಚಿ ಕೊಟ್ಟಿತು. 1783ರಲ್ಲಿ ಜಿನೀವಾದ ಷ್ವೆಪ್ ಅದನ್ನು ವ್ಯಾಪಾರಕ್ಕಿಳಿಸಿದರು. ಒತ್ತಡ ಏರಿದಷ್ಟೂ ದ್ರವದಲ್ಲಿ ಕರಗುವ ಗ್ಯಾಸ್ ಹೆಚ್ಚುತ್ತದೆ ಎಂಬ ನಿಯಮವನ್ನು ವಿಲಿಯಂ ಹೆನ್ರಿ 1803ರಲ್ಲಿ ಹೇಳಿದರು. ದ್ರವ ತಣ್ಣಗಿದ್ದಷ್ಟೂ ಗ್ಯಾಸ್ ಸುಲಭವಾಗಿ ಕರಗುತ್ತದೆ. ಮುಂದಿನದೆಲ್ಲ ಈ ಒತ್ತಡ, ಈ ತಂಪು ಎರಡನ್ನೂ ಹಿಡಿದಿಡುವ ಪಾತ್ರೆಯ ಹುಡುಕಾಟ.

ಆ ಹುಡುಕಾಟದಲ್ಲಿ ನನಗೆ ಅತಿ ಸುಂದರವಾಗಿ ಕಾಣುವುದು ಹೈರಂ ಕಾಡ್ ಅವರ 1870ರ ದಶಕದ ಗೋಲಿ ಬಾಟಲಿ. ಗ್ಯಾಸ್ ತುಂಬಲು ಕೈಯಿಂದ ತಿರುಗಿಸುವ ಯಂತ್ರದ ಕಬ್ಬಿಣದ ಪಂಜರದೊಳಗೆ ಬಾಟಲಿ ತಲೆಕೆಳಗಾದಾಗ ಗೋಲಿ ಕತ್ತಿನ ರಬ್ಬರ್ ಬಳೆಯ ಮೇಲೆ ಕೂರುತ್ತದೆ. ಒಳಗಿನ ಗ್ಯಾಸೇ ಅದನ್ನು ಒತ್ತಿ ಬಿಗಿಮಾಡುತ್ತದೆ. ಬಿರಡೆಯ ಕೆಲಸವನ್ನು ಪೇಯವೇ ಮಾಡಿಕೊಳ್ಳುತ್ತದೆ.

ಬಿಯರಿನ ದಾರಿ ಬೇರೆ. ಹುದುಗಿದ ಬಿಯರಿಗೆ ಚೂರು ಸಕ್ಕರೆ ಬೆರೆಸಿ ಮುಚ್ಚಿದರೆ ಯೀಸ್ಟ್ ತಾನೇ ಗ್ಯಾಸ್ ಹುಟ್ಟಿಸುತ್ತದೆ. ಹಳೆಯ ಕ್ರಮ ಅದು. ನಮ್ಮಲ್ಲಿ 1915ರಲ್ಲಿ ದಕ್ಷಿಣದ ಐದು ಭಟ್ಟಿಗಳನ್ನು ಕೂಡಿಸಿ ಥಾಮಸ್ ಲೀಶ್‌ಮನ್ ಯುನೈಟೆಡ್ ಬ್ರೂವರೀಸ್ ಕಟ್ಟಿದಾಗ, ಬಿಯರ್ ದೊಡ್ಡ ಪೀಪಾಯಿಗಳಲ್ಲಿ ಎತ್ತಿನ ಗಾಡಿ ಏರಿ ಹೋಗುತ್ತಿತ್ತು.

ಮನೆಯ ಬಿಯರಿಗೆ ತಿರುವು ತಂದದ್ದು ಮತ್ತೆ ಸೋಡಾವೇ. ತಂಪು ಪಾನೀಯದ ಕಂಪನಿಗಳು ಪಾಕ ಸಾಗಿಸಲು ಬಳಸುತ್ತಿದ್ದ ಸುಮಾರು 19 ಲೀಟರಿನ ಕಾರ್ನೀಲಿಯಸ್ ಪೀಪಾಯಿಗಳು, ಆ ಕಂಪನಿಗಳು ಚೀಲದಲ್ಲಿ ತುಂಬಿ ಬರುವ ಪಾಕಕ್ಕೆ ಹೊರಳಿದ ಮೇಲೆ, ಅಗ್ಗವಾಗಿ ಮಾರುಕಟ್ಟೆಗೆ ಬಂದವು. ಅಮೆರಿಕದ ಒಕ್ಕೂಟ ಸರ್ಕಾರ 1978ರ ಕಾನೂನಿನಲ್ಲಿ ಮನೆ ಬಿಯರಿಗೆ ಒಪ್ಪಿಗೆ ಕೊಟ್ಟಿತ್ತು. ಬಿಯರನ್ನು 3-4 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ, ಪೀಪಾಯಿಯೊಳಗಿನ ಗಾಳಿಯನ್ನು ಗ್ಯಾಸಿನಿಂದ ಹೊರದೂಡಿ, ಗ್ಯಾಸ್ ಸಿಲಿಂಡರಿನ ಒತ್ತಡ ತಗ್ಗಿಸುವ ರೆಗ್ಯುಲೇಟರನ್ನು ಚದರ ಇಂಚಿಗೆ 12 ಪೌಂಡ್, ಅಂದರೆ 12 ಪಿಎಸ್‌ಐಗೆ ಇಟ್ಟು ಒಂದೆರಡು ವಾರ ಬಿಟ್ಟರೆ ಬೇಕಾದಷ್ಟು ಗ್ಯಾಸ್ ಕರಗಿರುತ್ತದೆ. ಅವಸರದವರು 30 ಪಿಎಸ್‌ಐ ಕೊಟ್ಟು ಒಂದೂವರೆ ದಿನದೊಳಗೆ ಮುಗಿಸುತ್ತಾರೆ, ಆದರೆ ಗ್ಯಾಸ್ ಮಿತಿಮೀರಿ ಲೋಟದ ತುಂಬ ನೊರೆಯೇ ಬರುವುದುಂಟು. ಕಾಯುವುದೇ ಲೇಸು.

ಬೆಂಗಳೂರಿನಲ್ಲಿ 2010ರ ಆಸುಪಾಸಿನಿಂದ ತಲೆಯೆತ್ತಿದ ಕಿರು ಭಟ್ಟಿಗಳು ಒತ್ತಡ, ತಂಪಿನ ಇದೇ ನಿಯಮವನ್ನು ತಂಪು ಟ್ಯಾಂಕುಗಳಲ್ಲಿ ನಡೆಸುತ್ತಿವೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಹಾಗಾಗಿ ಗದಗ ಸೀಮೆಯಲ್ಲಿ ಈ ಪೀಪಾಯಿ ಸಲ್ಲುವುದು ಲಿಂಬು, ಶುಂಠಿ ಸೋಡಾಕ್ಕೆ. ಅಲ್ಲಿ ಒಂದು ಎಚ್ಚರ ಬೇಕು. ಇಂಗಾಲದ ಡೈಆಕ್ಸೈಡ್ 31 ಡಿಗ್ರಿ ದಾಟಿದರೆ ಎಷ್ಟು ಒತ್ತಿದರೂ ದ್ರವವಾಗಿ ಉಳಿಯದು, ತುಂಬಿದ ಸಿಲಿಂಡರಿನ ಒತ್ತಡ ಭರದಿಂದ ಏರುತ್ತದೆ. ನಮ್ಮ ಏಪ್ರಿಲ್ ಬಿಸಿಲು ಆ ಗಡಿಯನ್ನು ಬೆಳಗಿನಲ್ಲೇ ದಾಟುತ್ತದೆ. ಸಿಲಿಂಡರ್ ನೆರಳಿನಲ್ಲಿ ನೆಟ್ಟಗೆ ನಿಂತಿರಬೇಕು, ರೆಗ್ಯುಲೇಟರ್ ಇಲ್ಲದೆ ಅದನ್ನು ಪೀಪಾಯಿಗೆ ಜೋಡಿಸಲೇಬಾರದು.