ಹಾರ್ಮೋನಿಯಂ ಸಾಥಿಯಲ್ಲಿ ಆಶುಸಂವಾದ: ಹಾವೇರಿ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಪಾಶ್ಚಾತ್ಯರ ಜಾಜ್ ಸಂಗೀತದಲ್ಲಿ ಮೌತ್ ಆರ್ಗನ್ ಹಾಗೂ ಪಿಯಾನೋಗಳ ಆಶುವಾದನವುಂಟು. ಬೆಲ್ಜಿಯಂ ಸಂಜಾತ ಟೂಟ್ಸ್ ಥೀಲೆಮನ್ಸ್ (1922–2016) ಅಮೆರಿಕದ ಕೆನ್ನಿ ವರ್ನರ್ ಅವರೊಡನೆ ನಡೆಸಿದ ಜೋಡಿವಾದನ ಅದಕ್ಕೆ ನಿದರ್ಶನ. ಅಲ್ಲಿ ಗಾಳಿಗೆ ಮಿಡಿಯುವ ಲೋಹದ ನಾಲಗೆ ಒಂದು ವಾದ್ಯದಲ್ಲಿ, ಬೆರಳಿಗೊದಗುವ ಸ್ವರಪಟ್ಟಿ ಇನ್ನೊಂದರಲ್ಲಿ. 1842ರಲ್ಲಿ ಪ್ಯಾರಿಸ್ಸಿನ ದೆಬಾಂ ಹಕ್ಕುಪತ್ರ ಪಡೆದ ಹಾರ್ಮೋನಿಯಮ್ಮಿನಲ್ಲಿ ಇವೆರಡೂ ಒಂದೇ ಪೆಟ್ಟಿಗೆಯೊಳಗೆ ಕೂಡಿದವು. ಉತ್ತರ ಕರ್ನಾಟಕದಲ್ಲಿ ಆ ಪೆಟ್ಟಿಗೆಗೆ ಜೊತೆಯಾದದ್ದು ಇನ್ನೊಂದು ವಾದ್ಯವಲ್ಲ, ಮನುಷ್ಯಕಂಠ.

ಹಾವೇರಿ–ರಾಣೆಬೆನ್ನೂರುಗಳ ನಡುವಣ ಮೋಟೆಬೆನ್ನೂರು ಹುತಾತ್ಮ ಮೈಲಾರ ಮಹಾದೇವಪ್ಪನವರ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಅದೇ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ ಪಂಚಾಕ್ಷರ ಗವಾಯಿಗಳೂ (1892–1944), ದೇವಗಿರಿಯಲ್ಲಿ ಪುಟ್ಟರಾಜ ಗವಾಯಿಗಳೂ (1914–2010) ಜನಿಸಿದರು. ಅಂಧರಾದ ಈ ಗುರುಶಿಷ್ಯರು ಗದಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ಅನೇಕ ಅಂಧ ಬಾಲಕರಿಗೆ ಸಂಗೀತವನ್ನು ಜೀವನೋಪಾಯವಾಗಿ ಕಲಿಸಿದರು. ನಾಟಕ ಕಂಪನಿಯನ್ನೂ ನಡೆಸಿದರು. ಕಂಪನಿ ರಂಗಭೂಮಿಯಲ್ಲಿ ಪೇಟಿ ಮಾಸ್ತರನ ಸ್ಥಾನ ಹಿರಿದು. ಪ್ರೇಕ್ಷಕರು 'ಒನ್ಸ್ ಮೋರ್' ಎಂದಾಗ ನಟನು ಹಾಡನ್ನು ಹೊಸ ತಾನುಗಳಿಂದ ಬೆಳೆಸಿದರೆ, ಮಾಸ್ತರನು ಆ ಕ್ಷಣದಲ್ಲೇ ಅವನನ್ನು ಅನುಸರಿಸಬೇಕಾಗುತ್ತಿತ್ತು.

ಖಯಾಲ್ ಗಾಯನದಲ್ಲಿ ಈ ಕಾರ್ಯ ಇನ್ನೂ ಸೂಕ್ಷ್ಮವಾದುದು. ಗಾಯಕನು ಮುಂದೇನು ಹಾಡುವನೆಂಬುದು ಸಾಥಿದಾರನಿಗೆ ತಿಳಿಯದು. ಅವನು ಒಂದು ಕ್ಷಣ ಹಿಂದೆ ಉಳಿದು ನಡೆಯುತ್ತಾನೆ. ಗಾಯಕನು ಉಸಿರು ತೆಗೆದುಕೊಳ್ಳುವಾಗ ಕೊನೆಯ ಸ್ವರಸಮೂಹವನ್ನು ನುಡಿಸಿ ಆ ತೆರವನ್ನು ತುಂಬುತ್ತಾನೆ. ಗಾಯಕನು ಇನ್ನೂ ಮುಟ್ಟದ ಸ್ವರವನ್ನು ತಾನೇ ಮೊದಲು ಮುಟ್ಟುವುದು ಅವಿವೇಕವೆನಿಸುತ್ತದೆ.

1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನು ನಿಷೇಧಿಸಿತು. ಅಚಲ ಸ್ವರಗಳ ಈ ವಾದ್ಯದಲ್ಲಿ ಮೀಂಡು ಬಾರದು, ಸೂಕ್ಷ್ಮ ಶ್ರುತಿಗಳು ಹೊಮ್ಮವು ಎಂಬ ಆಕ್ಷೇಪ ಅಸತ್ಯವೇನಲ್ಲ. ಆದರೆ ಆ ತೀರ್ಪು ವಾದ್ಯವನ್ನು ಮಾತ್ರ ಪರೀಕ್ಷಿಸಿತು, ವಾದಕನ ಕಿವಿಯನ್ನಲ್ಲ. ವಾದ್ಯವನ್ನೇ ಅನ್ನಕ್ಕೆ ಆಧಾರವಾಗಿ ನಂಬಿದ ಕಲಾವಿದನಿಗೆ ಬಾನುಲಿಯ ಬಾಗಿಲು ಮುಚ್ಚಿದುದು ಸಾಮಾನ್ಯ ನಷ್ಟವಲ್ಲ. 1971ರಲ್ಲಿ ನಿರ್ಬಂಧ ಭಾಗಶಃ ಸಡಿಲವಾಯಿತು. ಬೆಳಗಾವಿಯ ರಾಮಭಾವು ಬಿಜಾಪುರೆಯವರು (1917–2010) ಹಿರಿಯ ಗಾಯಕರಿಗೆ ಸಾಥಿ ನೀಡಿದುದಲ್ಲದೆ, ಸ್ವತಂತ್ರ ವಾದನದಿಂದಲೂ ಈ ವಾದ್ಯದ ಯೋಗ್ಯತೆಯನ್ನು ಸ್ಥಾಪಿಸಿದರು.

ಆಶುಸಂವಾದದ ಸತ್ವವಿರುವುದು ವಾದ್ಯದ ಪೂರ್ಣತೆಯಲ್ಲಲ್ಲ. ಒಬ್ಬನು ಮತ್ತೊಬ್ಬನಿಗೆ ಕಿವಿಗೊಡುವುದರಲ್ಲಿ. ಈ ಸೀಮೆಯ ಸಂಗೀತಚರಿತ್ರೆಯನ್ನು ಬರೆಯುವವರು ಗಾಯಕರ ಹೆಸರಿನ ಪಕ್ಕದಲ್ಲಿ ಸಾಥಿದಾರರ ಹೆಸರನ್ನೂ ದಾಖಲಿಸುವುದು ಅವಶ್ಯವಾಗಿದೆ.